ಸಂದಕ್‌ಫುವಿನ ಲ್ಯಾಂಡ್ ರೋವರ್, ನಮ್ಮನೆ ಜೀಪು

ನಮ್ಮನೆ ಅಡಿಕೆ ಅಂಗಳದ ಮೂಲೆಯಲ್ಲಿ, ತಗಡಿನ ಶೆಡ್ಡಿನ ಕೆಳಗೆ ಒಂದು ಜೀಪು ನಿಂತು ನಾಲ್ಕು ವರ್ಷವಾಯ್ತು. 1988ರ ಮಹೀಂದ್ರಾ ಎಂ.ಎಂ. 540. ಅಪ್ಪಯ್ಯನ ಮಂಡಿ ನೋವು ಜೋರಾಗಿ ಕ್ಲಚ್ ತುಳಿಯೋದು ಕಷ್ಟವಾದ ದಿನದಿಂದ ಅದು ಅಲ್ಲೇ ಇದೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತೆ. ಬಾನೆಟ್ ಮೇಲೆ ಅಮ್ಮ ಖಾಲಿ ಗೋಣಿಚೀಲ ಪೇರಿಸಿಡುತ್ತಾರೆ.

ಕೊಡಚಾದ್ರಿಯ ಬುಡದ ನಮ್ಮ ಊರಿಗೆ ಅದು ಬರೀ ನಮ್ಮ ಮನೆಯ ಜೀಪಾಗಿರಲಿಲ್ಲ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಹೊಸನಗರಕ್ಕೆ ಸಾಗಿಸಿದ್ದು ಅದು. ನನ್ನನ್ನು ಹೈಸ್ಕೂಲ್ ಹಾಸ್ಟೆಲಿಗೆ, ಆಮೇಲೆ ಇಂಜಿನಿಯರಿಂಗ್ ಕಾಲೇಜಿಗೆ ಟ್ರಂಕು ಸಮೇತ ಬಿಟ್ಟು ಬಂದದ್ದೂ ಅದೇ. ಕಳೆದ ವರ್ಷ ಶಿವಮೊಗ್ಗದಿಂದ ಬಂದ ಗುಜರಿಯವರು ಸುತ್ತ ನೋಡಿ 40 ಸಾವಿರ ಅಂದರು. "ಕೊಟ್ಟುಬಿಡಿ ಅತ್ಲಾಗೆ, ಹಾವಿಗೆ ಮನೆ ಕಟ್ಟಿಕೊಟ್ಟಂಗಾಗಿದೆ" ಅಂದರು ಅಮ್ಮ. ಅಪ್ಪಯ್ಯ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬೆಂಗಳೂರಿಂದ ಫೋನಿನಲ್ಲೇ ಕೂಗಾಡಿ ತಡೆದವನು ನಾನು.

ನನಗೆ ಹಳೇ ಗಾಡಿಗಳೆಂದರೆ ಹುಚ್ಚು. ಚಿಕ್ಕವನಿದ್ದಾಗ ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಒಂದೊಂದು ಕಾರಿನ ಮುಂದೆಯೂ ನಿಂತು "ಇದು ಈಗ್ಲೂ ಓಡುತ್ತಾ?" ಅಂತ ಕೇಳಿ ಕೇಳಿ ಮನೆಯವರ ತಲೆ ತಿಂದಿದ್ದೆನಂತೆ. ಕೆಲಸಕ್ಕೆ ಬೆಂಗಳೂರು ಸೇರಿದ ಮೇಲೆ, ಎಲ್ಲೇ ವಿಂಟೇಜ್ ಕಾರುಗಳ ರ್‍ಯಾಲಿ ನಡೆದರೂ ಭಾನುವಾರ ಬೆಳಗ್ಗೆ ಆರಕ್ಕೆ ಎದ್ದು ಹೋಗುವವನು. ಹಾಗಾಗಿ ಜೀಪಿಗಾಗಿ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಕಂಪನಿಯಿಂದ ಬಂದಾಗ ಇದ್ದ ಬಣ್ಣ, ಅದೇ ಕಾಲದ ಲೈಟು, ಅದೇ ಸ್ಟೇರಿಂಗು, ಅದೇ ಮೀಟರು. ಒಟ್ಟು ಖರ್ಚಿನ ಅಂಕಣವನ್ನು ಅಮ್ಮನಿಗೆ ತೋರಿಸಿರಲಿಲ್ಲ.

ನನ್ನ ಲೆಕ್ಕಕ್ಕೆ ಇನ್ನೊಂದು ಕಾರಣವೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮೂಲ ಸ್ವರೂಪದಲ್ಲೇ ಇದ್ದರೆ, ಅಂದರೆ ಚಾಸಿ, ಬಾಡಿ, ಎಂಜಿನ್ ಬದಲಾಗದೆ ಇದ್ದರೆ, ಅದಕ್ಕೆ 'ವಿ.ಎ.' ಅಕ್ಷರಗಳಿರುವ ವಿಶೇಷ ನಂಬರ್ ಸಿಗುತ್ತದೆ. 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ನಮ್ಮ ಜೀಪಿಗೆ 50 ತುಂಬುವುದು 2038ಕ್ಕೆ. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ಅಪ್ಪಯ್ಯ ಕವಳ ಮಡಚುತ್ತಾ ಕೇಳಿದ್ದು ಒಂದೇ ಮಾತು: "ಅಲ್ಲೀವರೆಗೆ ಶೆಡ್ಡಲ್ಲೇ ಇರ್ಬೇಕಾ ಅದು?"

ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪಯ್ಯನಿಗೆ ಈಗ 66. ಲೆಕ್ಕ ಅವರೂ ಹಾಕಿದ್ದಾರೆ ಅಂತ ಅರ್ಥವಾಯಿತು.

ಮಾನೇಭಂಜ್ಯಾಂಗ್‌ನ ಸಾಲು

ಇಂಥ ಹೊತ್ತಿನಲ್ಲೇ ನವೆಂಬರಿನಲ್ಲಿ ಹತ್ತು ದಿನ ರಜೆ ಸಿಕ್ಕಿತು. ಹಿಮಾಲಯ ನೋಡಬೇಕು ಅನ್ನೋದು ಅಪ್ಪಯ್ಯನ ಹಳೇ ಆಸೆ, ಆದರೆ ಮಂಡಿ ನಡೆಯೋಕೆ ಬಿಡಲ್ಲ. ನನಗೆ ತಟ್ಟನೆ ನೆನಪಾದದ್ದು ಸಂದಕ್‌ಫು. ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಚಾರಣಿಗರು ಮೂರ್ನಾಲ್ಕು ದಿನ ನಡೆದು ಹತ್ತುವ ಈ ಬೆಟ್ಟಕ್ಕೆ ಗಾಡಿಯಲ್ಲೂ ಹೋಗಬಹುದು. ಅದೂ ಎಂಥ ಗಾಡಿ! 1950ರ ದಶಕದ ಲ್ಯಾಂಡ್ ರೋವರ್.

ಬೆಂಗಳೂರಿಂದ ಬಾಗ್‌ಡೋಗ್ರಾಕ್ಕೆ ವಿಮಾನ. ಅಲ್ಲಿಂದ ಮಿರಿಕ್ ಮಾರ್ಗವಾಗಿ ಚಹಾ ತೋಟಗಳ ನಡುವೆ ಸುತ್ತಿ ಸುತ್ತಿ ಮಾನೇಭಂಜ್ಯಾಂಗ್. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿರುವ ಪುಟ್ಟ ಪೇಟೆ ಅದು. ರಸ್ತೆಯ ಈ ಬದಿ ಭಾರತ, ಆ ಬದಿ ನೇಪಾಳ. ಬೇಲಿಯಿಲ್ಲ, ಗೇಟಿಲ್ಲ. ಚಹಾ ಕುಡಿಯೋಕೆ ದೇಶ ದಾಟಿ ಹೋಗಿ ಬರಬಹುದು.

ಬೆಳಗ್ಗೆ ಏಳಕ್ಕೆ ಸ್ಟ್ಯಾಂಡಿಗೆ ಹೋದರೆ ಸಾಲಾಗಿ ನಿಂತಿದ್ದವು. ಎದುರಿನ ಜಾಲರಿಯ ಹಿಂದೆ ಹತ್ತಿರ ಹತ್ತಿರ ಕೂತ ಎರಡು ದುಂಡು ಕಣ್ಣು. ಚಪ್ಪಟೆ ಬಾನೆಟ್ಟು. ಅದರ ಮೇಲೆ ಸ್ಟೆಪ್ನಿ. ಹಸಿರು, ಬೂದು, ಆಕಾಶ ನೀಲಿ. ಬ್ರಷ್ಷಿನಲ್ಲಿ ಬಳಿದ ಬಣ್ಣ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಬಾಗಿಲುಗಳಿಗೆ ತಂತಿ ಕಟ್ಟಿದ್ದವು ಕೆಲವು. ಪಕ್ಕದಲ್ಲಿ ಹೊಸ ಬೊಲೆರೋಗಳ ಇನ್ನೊಂದು ಸಾಲು. ಅದು ಲ್ಯಾಂಡ್ ರೋವರ್‌ಗಳ ಸಾಲಿಗಿಂತ ಉದ್ದವಿತ್ತು.

ಬೆಂಗಳೂರಿನ ರ್‍ಯಾಲಿಗಳಲ್ಲಿ ನಾನು ನೋಡಿದ ಒಂದು ಸೀರೀಸ್ ಒನ್ ಲ್ಯಾಂಡ್ ರೋವರ್‌ನ ಸುತ್ತ ಹಗ್ಗ ಕಟ್ಟಿ "ಮುಟ್ಟಬೇಡಿ" ಅಂತ ಬೋರ್ಡ್ ಹಾಕಿದ್ದರು. ಇಲ್ಲಿ ಅದರದ್ದೇ ಅಣ್ಣತಮ್ಮಂದಿರ ಮೇಲೆ ಹುಡುಗನೊಬ್ಬ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಎಲೆಕೋಸಿನ ಚೀಲ ಹೇರುತ್ತಿದ್ದ. ಮೇಲಿನ ಊರುಗಳ ಹೋಟೆಲಿಗೆ, ಮನೆಗಳಿಗೆ ಸಾಮಾನು ಹೋಗುವುದೂ ಇವುಗಳಲ್ಲೇ.

ನಮಗೆ ಸಿಕ್ಕ ಡ್ರೈವರ್ ಐವತ್ತರ ಆಸುಪಾಸಿನವರು. ಎಲ್ಲರೂ ಅವರನ್ನು 'ದಾಜು' ಅಂತಿದ್ದರು. ನೇಪಾಳಿಯಲ್ಲಿ ಅಣ್ಣ ಅಂತ. ನಾವೂ ಹಾಗೇ ಕರೆದೆವು. ಗಾಡಿ ಅವರ ತಂದೆಯದ್ದಂತೆ. ಅದಕ್ಕೂ ಮೊದಲು ಒಂದು ಚಹಾ ತೋಟದ ಸಾಹೇಬರದ್ದು. ಇಲ್ಲಿನ ಗಾಡಿಗಳ ಕತೆ ಬಹುಪಾಲು ಹೀಗೇ ಶುರುವಾಗುತ್ತದೆ. ಬ್ರಿಟಿಷ್ ಪ್ಲಾಂಟರ್‌ಗಳು ತೋಟ ಸುತ್ತಲು ತರಿಸಿಕೊಂಡವು ಅವರು ದೇಶ ಬಿಟ್ಟ ಮೇಲೆ ಊರಿನವರ ಕೈಗೆ ಬಂದವು. ಬೇರೆ ಯಾವ ಗಾಡಿಯೂ ಹತ್ತದ ಸಂದಕ್‌ಫು ದಾರಿಗೆ ಇವು ಒಗ್ಗಿಕೊಂಡವು.

ದಾಯಾದಿಗಳು

ಹತ್ತುವ ಮೊದಲು ಈ ಗಾಡಿಯ ಹುಟ್ಟಿನ ಕತೆ ಸ್ವಲ್ಪ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮುಖ್ಯ ಇಂಜಿನಿಯರ್ ಮಾರಿಸ್ ವಿಲ್ಕ್ಸ್ ಬಳಿ ಒಂದು ಜಮೀನಿತ್ತು, ವೇಲ್ಸ್‌ನ ಆಂಗ್ಲೆಸಿ ದ್ವೀಪದಲ್ಲಿ. ಅಲ್ಲಿನ ಕೆಲಸಕ್ಕೆ ಅವರು ಬಳಸುತ್ತಿದ್ದದ್ದು ಸೈನ್ಯ ಮಾರಿದ ಹಳೇ ಅಮೆರಿಕನ್ ವಿಲ್ಲಿಸ್ ಜೀಪು. ಅದು ಹಾಳಾದರೆ ಮುಂದೇನು ಅನ್ನೋ ಯೋಚನೆಯಿಂದ ಹುಟ್ಟಿದ್ದು ಲ್ಯಾಂಡ್ ರೋವರ್. 1947ರ ಮೊದಲ ಮಾದರಿಯನ್ನು ಜೀಪಿನ ಚಾಸಿಯ ಮೇಲೇ ಕಟ್ಟಿದ್ದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್‌ನ ಮೋಟಾರ್ ಪ್ರದರ್ಶನದಲ್ಲಿ ಗಾಡಿ ಜನರೆದುರು ಬಂತು. 1.6 ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ.

ಯುದ್ಧ ಮುಗಿದ ಹೊಸದರಲ್ಲಿ ಇಂಗ್ಲೆಂಡಿನಲ್ಲಿ ಉಕ್ಕಿಗೆ ಬರ, ರೇಷನ್. ಹಾಗಾಗಿ ಬಾಡಿಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಒತ್ತಚ್ಚಿನ ಖರ್ಚು ಉಳಿಸಲು ತಗಡನ್ನು ಆದಷ್ಟು ಚಪ್ಪಟೆಯಾಗೇ ಇಟ್ಟರು. ಬಡತನಕ್ಕೆ ಮಾಡಿದ ಈ ಏರ್ಪಾಡೇ ಮುಂದೆ ಆ ಗಾಡಿಯ ಆಯಸ್ಸಾಯಿತು. ಅಲ್ಯೂಮಿನಿಯಂ ಉಕ್ಕಿನ ಹಾಗೆ ತುಕ್ಕು ಹಿಡಿಯಲ್ಲ. ಚಪ್ಪಟೆ ತಗಡು ನಜ್ಜಾದರೆ ಊರಿನ ಕಮ್ಮಾರನೂ ಬಡಿದು ಸರಿ ಮಾಡಬಹುದು.

ಅತ್ತ ಅದೇ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ಜೋಡಿಸಲು ಶುರು ಮಾಡಿದ್ದು ಮಹೀಂದ್ರಾ. ಆ ವಂಶದಲ್ಲಿ ಬಂದದ್ದೇ ನಮ್ಮನೆಯ 540. ಅಂದರೆ ಸಂದಕ್‌ಫುವಿನ ಲ್ಯಾಂಡ್ ರೋವರ್ ಮತ್ತು ನಮ್ಮ ಜೀಪು ದೂರದ ದಾಯಾದಿಗಳು. ಇದನ್ನು ಅಪ್ಪಯ್ಯನಿಗೆ ಹೇಳಿದೆ. "ಮುಖ ನೋಡಿದ್ರೇ ಗೊತ್ತಾಗುತ್ತಲ್ಲ ಮಾರಾಯ" ಅಂದರು.

ಹತ್ತೋ ದಾರಿ

ಮಾನೇಭಂಜ್ಯಾಂಗ್‌ನಿಂದ ಸಂದಕ್‌ಫುವಿಗೆ 31 ಕಿಲೋಮೀಟರ್. ಹೋಗಲು ಇಡೀ ಅರ್ಧ ದಿನ ಬೇಕು ಅಂದರೆ ದಾರಿ ಹೇಗಿದೆ ಅಂತ ಊಹಿಸಿಕೊಳ್ಳಿ. ಪೇಟೆ ದಾಟುತ್ತಿದ್ದಂತೆ ಚಿತ್ರೆ ಅನ್ನೋ ಊರಿನ ತನಕ ಒಂದರ ಮೇಲೊಂದು ಹೇರ್‌ಪಿನ್ ತಿರುವು. ಒಂದೊಂದು ತಿರುವಿನಲ್ಲೂ ದಾಜು ಒಮ್ಮೆ ನಿಂತು, ಅರ್ಧ ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು. ಹಿಂದೆ ಬರುವಾಗ ನಮ್ಮ ಚಕ್ರದಾಚೆ ಬರೀ ಮೋಡ.

ನಾನು ಕಣ್ಣು ಮುಚ್ಚಿದ್ದೆ. ಮುಂದಿನ ಸೀಟಿನಲ್ಲಿದ್ದ ಅಪ್ಪಯ್ಯ ಕಣ್ಣು ಮಿಟುಕಿಸದೆ ದಾಜುವಿನ ಕಾಲನ್ನು ನೋಡುತ್ತಿದ್ದರು. ಅವರ ಎಡಗಾಲೂ ತನ್ನಷ್ಟಕ್ಕೆ ಏಳುತ್ತಿತ್ತು, ಒತ್ತುತ್ತಿತ್ತು. ಅದೇ ನೋವಿನ ಮಂಡಿ.

ಗಡಿ ಕಾವಲಿನ ಸಶಸ್ತ್ರ ಸೀಮಾ ಬಲದವರು ಗುರುತಿನ ಚೀಟಿ ನೋಡಿದರು. ಮೇಘ್ಮಾ ಅನ್ನೋ ಊರು ಹೆಸರಿಗೆ ತಕ್ಕ ಹಾಗೆ ಮಂಜಿನೊಳಗೇ ಇತ್ತು. ತುಮ್ಲಿಂಗ್‌ನಲ್ಲಿ ತಿಂಡಿಗೆ ನಿಂತೆವು. ಅದು ನೇಪಾಳ. ಅಪ್ಪಯ್ಯ ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದು ದಾಜುವಿನ ತಟ್ಟೆಗೂ ಹಾಕಿದರು. ಅಪ್ಪಯ್ಯನಿಗೆ ಬರುವ ಹಿಂದಿ ಹತ್ತು ಪದ. ಆದರೂ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಗೇರು, ಕ್ಲಚ್ಚು, ಆಕ್ಸಲ್ಲು, ಪ್ಲೇಟ್ ಸೆಟ್ಟು, ಡೀಸೆಲ್ ಪಂಪು. ಈ ಪದಗಳಿಗೆ ಕನ್ನಡವೂ ಬೇಡ, ನೇಪಾಳಿಯೂ ಬೇಡ ಅಂತ ಗೊತ್ತಾಯಿತು.

ಅಲ್ಲಿವರೆಗಿನ ದಾರಿಯಲ್ಲಿ ಈಗ ಡಾಂಬರು, ಕಾಂಕ್ರೀಟು ಬಂದಿದೆ. ಅದಕ್ಕೇ ಬೊಲೆರೋಗಳೂ ಬರುತ್ತಿವೆ. "ರಸ್ತೆ ಒಳ್ಳೇದಾದಷ್ಟೂ ನಮ್ಮ ಗಾಡಿಗೆ ಕೆಲಸ ಕಮ್ಮಿ" ಅಂದರು ದಾಜು. ದೂರು ಹೇಳಿದ ಹಾಗೆ ಇರಲಿಲ್ಲ. ರಸ್ತೆ ಅವರ ಮಕ್ಕಳಿಗೂ ಬೇಕಲ್ಲ.

ಗೈರಿಬಾಸ್‌ಗೆ ಇಳಿದು ಮತ್ತೆ ಏರು. ಸಿಂಗಲೀಲ ರಾಷ್ಟ್ರೀಯ ಉದ್ಯಾನದ ಕಾಡು. ಇಲ್ಲಿ ಕೆಂಪು ಪಾಂಡಾ ಇವೆ, ನಮಗೆ ಕಾಣಲಿಲ್ಲ. ಕಾಲಿಪೋಖ್ರಿಯ ಕಪ್ಪು ಕೊಳದ ಸುತ್ತ ಪ್ರಾರ್ಥನೆಯ ಬಾವುಟಗಳು ಪಟಪಟ ಅನ್ನುತ್ತಿದ್ದವು. ಬಿಖೆ ಭಂಜ್ಯಾಂಗ್ ದಾಟಿದ ಮೇಲಿನ ಕೊನೆಯ ನಾಲ್ಕು ಕಿಲೋಮೀಟರ್ ಎಲ್ಲಕ್ಕಿಂತ ಕಡಿದು. ಕಲ್ಲಿನ ಮೇಲೆ ಕಲ್ಲು. ದಾಜು ಗೇರಿನ ಪಕ್ಕದ ಸಣ್ಣ ಲಿವರನ್ನು ಹಿಂದಕ್ಕೆಳೆದರು. ಬಣ್ಣ ಸವೆದ ಅದರ ಗುಂಡಿಯಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ಲ್ಯಾಂಡ್ ರೋವರ್‌ನಲ್ಲಿ ಲೋ ರೇಂಜಿಗೆ ಹಾಕುವ ಲಿವರಿಗೆ ಕೆಂಪು ಗುಂಡಿ ಅಂತ ಓದಿದ್ದೆ, ಈಗ ಕಂಡೆ. ಗಾಡಿ ನಡಿಗೆಯ ವೇಗಕ್ಕಿಳಿಯಿತು. ಆದರೆ ನಿಲ್ಲಲಿಲ್ಲ.

ಆಗ ಅಪ್ಪಯ್ಯ ತಲೆ ವಾಲಿಸಿ ಕಿವಿಗೊಟ್ಟರು. ಹಿಂದೆ ತಿರುಗಿ ನನ್ನನ್ನು ನೋಡಿ ಅಂದರು: "ಇದು ನಮ್ಮ ಗಾಡಿ ಸದ್ದಲ್ವೇನೋ?"

ಬಾನೆಟ್ ತೆರೆದಾಗ

ಮೇಲೆ ತಲುಪಿದ ಮೇಲೆ ದಾಜು ನಗುತ್ತಾ ಬಾನೆಟ್ ಎತ್ತಿ ತೋರಿಸಿದರು. ಅಪ್ಪಯ್ಯನ ಕಿವಿ ಸರಿಯಾಗೇ ಹೇಳಿತ್ತು. ಒಳಗಿದ್ದದ್ದು ಮಹೀಂದ್ರಾದ ಡೀಸೆಲ್ ಎಂಜಿನ್. ಇಲ್ಲಿನ ಬಹಳಷ್ಟು ಗಾಡಿಗಳಲ್ಲಿ ಇಂಗ್ಲೆಂಡಿನ ಎಂಜಿನ್ ಈಗಿಲ್ಲ. ಬಿಡಿಭಾಗ ಸಿಗದಾದಾಗ, ಪೆಟ್ರೋಲ್ ದುಬಾರಿಯಾದಾಗ, ಸಿಲಿಗುರಿಯಲ್ಲಿ ಸಿಗುವ ಎಂಜಿನ್ನನ್ನೇ ತಂದು ಕೂರಿಸಿಕೊಂಡಿದ್ದಾರೆ.

ನನಗೆ ನಿಜ ಹೇಳಬೇಕೆಂದರೆ ಬೇಜಾರಾಯಿತು. ಇಷ್ಟು ದೂರ ಬಂದದ್ದು ಇದಕ್ಕಾ? ದಾಜುವನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಎಂಜಿನ್ ಬದಲು, ಬ್ರೇಕಿನ ಕೆಲ ಭಾಗ ಬದಲು, ಸೀಟು ಬದಲು, ವಯರಿಂಗ್ ಹೊಸದು, ಚಾಸಿಗೆ ಎಷ್ಟು ಸಲ ವೆಲ್ಡಿಂಗ್ ಆಗಿದೆಯೋ ಲೆಕ್ಕವಿಲ್ಲ. ಹಾಗಾದರೆ ಹಳೇದು ಅಂತ ಉಳಿದಿರೋದು ಏನು? ದಾಜು ಸ್ವಲ್ಪ ಯೋಚಿಸಿ ಮಡ್‌ಗಾರ್ಡಿನ ಮೇಲೆ ಅಂಗೈಯಿಂದ ಬಡಿದರು. "ಇದು. ಮತ್ತೆ ಈ ದಾರಿ."

ನಮ್ಮ ಕಾನೂನಿನ ಲೆಕ್ಕದಲ್ಲಿ ಈ ಗಾಡಿ ವಿಂಟೇಜೇ ಅಲ್ಲ. ಎಂಜಿನ್ ಬದಲಾಗಿದೆ, ಅಲ್ಲಿಗೆ ಮುಗಿಯಿತು. ವಿಂಟೇಜ್ ಅಂತ ನೋಂದಾಯಿಸಿದರೂ ಬಾಡಿಗೆಗೆ ಓಡಿಸುವ ಹಾಗಿಲ್ಲ. ದಿನದ ಓಡಾಟಕ್ಕೂ ಬಳಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಆ ನಿಯಮ ತಪ್ಪು ಅಂತ ನಾನು ಹೇಳಲ್ಲ. ಮೂಲ ರೂಪವನ್ನು ಜೋಪಾನ ಮಾಡುವವರು ಇಲ್ಲದಿದ್ದರೆ 1948ರ ಗಾಡಿ ಹೇಗಿತ್ತು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅವರ ತಾಳ್ಮೆಗೆ, ಖರ್ಚಿಗೆ ನಾನು ಈಗಲೂ ಕೈಮುಗಿಯುತ್ತೇನೆ.

ಆದರೆ ನನ್ನ ಆಫೀಸಿನ ಕೆಲಸ ನೆನಪಾಯಿತು. ನಾನು ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ನಾನು ಶಾಲೆಗೆ ಹೋಗುತ್ತಿದ್ದಾಗ ಬರೆದದ್ದು. ಅದರ ಮೊದಲ ಸಾಲುಗಳು ಈಗ ಎಷ್ಟು ಉಳಿದಿವೆಯೋ ಯಾರಿಗೂ ಗೊತ್ತಿಲ್ಲ. ಆದರೂ ದಿನಾ ಲಕ್ಷಾಂತರ ಜನರ ಕೆಲಸ ಅದರಿಂದ ನಡೆಯುತ್ತೆ, ಹಾಗಾಗಿ ಯಾರೋ ಒಬ್ಬರು ದಿನಾ ಅದನ್ನು ರಿಪೇರಿ ಮಾಡುತ್ತಲೇ ಇರುತ್ತಾರೆ. ನಿಲ್ಲಿಸಿಬಿಟ್ಟ ಕೋಡ್‌ಗೆ ಯಾರೂ ಕೈ ಹಾಕಲ್ಲ. ಒಂದೆರಡು ವರ್ಷದಲ್ಲಿ ಅದನ್ನು ಬಲ್ಲವರೂ ಇರಲ್ಲ.

ಮಾರನೇ ಬೆಳಗ್ಗೆ ನಾಲ್ಕೂವರೆಗೆ ಎದ್ದು, ಇದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡು ಹೊರಗೆ ನಿಂತೆವು. ಕಾಂಚನಜುಂಗಾ ಮೊದಲು ಬೂದಿಯ ಬಣ್ಣ, ಆಮೇಲೆ ಕುಂಕುಮ, ಆಮೇಲೆ ಚಿನ್ನ. ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವ ಶಿಖರಗಳ ಸಾಲು. ಎಡಕ್ಕೆ ದೂರದಲ್ಲಿ ಲ್ಹೋತ್ಸೆ, ಎವರೆಸ್ಟ್, ಮಕಾಲು ಒಟ್ಟಿಗೆ. ಅಪ್ಪಯ್ಯ ಮಾತಾಡಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಫೋಟೋಗಳಲ್ಲಿ ಎಲ್ಲರೂ ನೋಡಿರುವುದನ್ನು ನಾನು ಹೆಚ್ಚು ವರ್ಣಿಸಲ್ಲ.

ಬಿಸಿಲು ಬಂದ ಮೇಲೆ ನೋಡಿದರೆ ಅಪ್ಪಯ್ಯ ಬೆಟ್ಟಕ್ಕೆ ಬೆನ್ನು ಹಾಕಿ, ದಾಜುವಿನ ಗಾಡಿಯ ಮೇಲಿನ ಇಬ್ಬನಿ ಒರೆಸುತ್ತಾ ನಿಂತಿದ್ದರು. ಹತ್ತಿರ ಹೋದೆ.

"ನಿನ್ನ ಲಿಸ್ಟಲ್ಲಿ ಬಣ್ಣ ಇದೆ, ಲೈಟಿದೆ, ಮೀಟರಿದೆ" ಅಂದರು. "ಓಡ್ಸೋದು ಯಾರು ಅಂತ ಬರ್ದಿದ್ಯಾ?"

"ನೀವೇ ಇದ್ದೀರಲ್ಲ ಅಪ್ಪಯ್ಯ."

"ನನ್ ಕಾಲು ಇನ್ನು ಆಗಲ್ಲ. ನೀ ಕಲ್ತ್ರೆ ಜೀಪು ಇರ್ಲಿ. ಇಲ್ದಿದ್ರೆ ಗುಜರಿಯವ್ರಿಗೆ ಕೊಡಾನ. ಅವ್ರಾದ್ರೂ ಎಂತಕ್ಕಾದ್ರೂ ಬಳಸ್ತಾರೆ."

ಮೂವತ್ತು ವರ್ಷದ ನನಗೆ ಆ ಜೀಪು ಓಡಿಸಲು ಬರಲ್ಲ ಅನ್ನೋದನ್ನು ಇಲ್ಲಿವರೆಗೆ ನಿಮಗೆ ಹೇಳಿರಲಿಲ್ಲ ನೋಡಿ. ಬೆಂಗಳೂರಲ್ಲಿ ನನ್ನದು ಆಟೋಮ್ಯಾಟಿಕ್ ಕಾರು. ಊರಿಗೆ ಹೋದಾಗಲೆಲ್ಲ ಜೀಪಿನ ಫೋಟೋ ತೆಗೆದಿದ್ದೇನೆ, ಚರಿತ್ರೆ ಓದಿದ್ದೇನೆ, ಎಂಜಿನ್ ಪ್ಯೂಜೋ ವಿನ್ಯಾಸದ್ದು, 2.1 ಲೀಟರ್ ಅಂತ ಬಾಯಿಪಾಠ ಹೇಳುತ್ತೇನೆ. ಕೊಡಚಾದ್ರಿಯ ಕೆಸರಿನಲ್ಲಿ ಅದನ್ನು ಒಂದು ಗಜ ಓಡಿಸಿಲ್ಲ.

ಊರಿಗೆ ಬಂದ ಮೇಲೆ

ಎಕ್ಸೆಲ್ ಶೀಟ್ ಇನ್ನೂ ಇದೆ. ಆದರೆ ಸಾಲುಗಳು ಬದಲಾಗಿವೆ. ಮೊದಲ ಸಾಲು ಬ್ರೇಕು. ಆಮೇಲೆ ಟೈರು, ಬ್ಯಾಟರಿ, ಡೀಸೆಲ್ ಟ್ಯಾಂಕ್ ತೊಳೆಯುವುದು, ನಾಝಲ್. ಅಪ್ಪಯ್ಯನ ಹಳೇ ಮೆಕ್ಯಾನಿಕ್ ಸ್ನೇಹಿತರು ಬಂದು ಮೂರು ದಿನ ಕೂತರು. ಮೂಲ ರೇಡಿಯೇಟರ್ ಪೂರ್ತಿ ತೂತು. ಬೇರೆ ಮಾದರಿಯದನ್ನು ತಂದು ಕೂರಿಸುತ್ತೇವೆ ಅಂದಾಗ ನನ್ನ ಹೊಟ್ಟೆ ಸ್ವಲ್ಪ ಚುರುಕ್ ಅಂದದ್ದು ಹೌದು. ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ, ಚಾಲೂ ಆಯಿತು. ಕೋಳಿಗಳು ಹಾರಿ ಹೋದವು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ ನಿಂತು ಕೇಳಿದರು. ಗುಜರಿಯ ಮಾತು ಎತ್ತಲಿಲ್ಲ.

15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಬೇಕು. ನಮ್ಮದು ಮುಗಿದು ಹೋಗಿದೆ. ತಪಾಸಣೆ, ಶುಲ್ಕ, ತಡ ಮಾಡಿದ್ದಕ್ಕೆ ದಂಡ ಎಲ್ಲ ಬಾಕಿ. ಪಾಸಾಗುತ್ತೋ ಇಲ್ಲವೋ ಇನ್ನೂ ನೋಡಬೇಕು. ಅಲ್ಲಿವರೆಗೆ ಜೀಪು ರಸ್ತೆಗಿಳಿಯುವ ಹಾಗಿಲ್ಲ. ತಿಂಗಳಿಗೆರಡು ಸಲ ಊರಿಗೆ ಹೋಗಿ, ನಮ್ಮ ತೋಟದ ದಾರಿಯಲ್ಲಷ್ಟೇ ಓಡಿಸುತ್ತೇನೆ. ಅಪ್ಪಯ್ಯ ಎಡಗಡೆ ಸೀಟಿನಲ್ಲಿ. ನಾನು ಗೇರು ಬದಲಿಸುವಾಗ ಅವರ ಎಡಗಾಲು ಏಳುತ್ತೆ. ತಪ್ಪಿದರೆ "ಹ್ಞಾಂ, ಈಗ ತುಳಿ" ಅಂತಾರೆ. ಹೋದ ವಾರ ಕೆಳಗಿನ ಹಳ್ಳದ ಏರಿನಲ್ಲಿ ಮೂರು ಸಲ ಆಫ್ ಮಾಡಿದೆ. ನಾಲ್ಕನೇ ಸಲ ಹತ್ತಿತು.

ನೀವೂ ಹೋಗುವುದಾದರೆ

ಬಾಗ್‌ಡೋಗ್ರಾ ವಿಮಾನ ನಿಲ್ದಾಣ ಅಥವಾ ನ್ಯೂ ಜಲ್ಪೈಗುರಿ ರೈಲು ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಮಾನೇಭಂಜ್ಯಾಂಗ್ ತಲುಪಬಹುದು. ಡಾರ್ಜಿಲಿಂಗ್‌ನಿಂದಲೂ ಹತ್ತಿರ. ಆಕಾಶ ತಿಳಿಯಾಗಿರುವುದು ಅಕ್ಟೋಬರ್‌ನಿಂದ ಡಿಸೆಂಬರ್. ಗುರಾಸ್ ಹೂ ನೋಡಬೇಕಿದ್ದರೆ ಏಪ್ರಿಲ್. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಉದ್ಯಾನ ಮುಚ್ಚಿರುತ್ತದೆ. ಗುರುತಿನ ಚೀಟಿ ಮರೆಯಬೇಡಿ. ಹಿರಿಯರನ್ನು ಕರೆದೊಯ್ಯುವುದಾದರೆ ಎತ್ತರದ ವಿಷಯ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ನಾವು ತುಮ್ಲಿಂಗ್‌ನಲ್ಲೇ ಒಂದು ರಾತ್ರಿ ಉಳಿದಿದ್ದರೆ ಇನ್ನೂ ಒಳ್ಳೇದಿತ್ತು ಅಂತ ಆಮೇಲೆ ಅನಿಸಿತು.

ಸ್ಟ್ಯಾಂಡಿನಲ್ಲಿ ಬೊಲೆರೋ ಬೇಕಾ, ಲ್ಯಾಂಡ್ ರೋವರ್ ಬೇಕಾ ಅಂತ ಕೇಳುತ್ತಾರೆ. ಬೊಲೆರೋ ಆರಾಮ, ಬೆನ್ನು ನೋವಿದ್ದವರಿಗೆ ಅದೇ ಸರಿ. ಗಟ್ಟಿ ಇರುವವರು ಹಳೇದನ್ನೇ ಹತ್ತಿ. ಬಾಡಿಗೆ ಸಿಗುವಷ್ಟು ದಿನ ಮಾತ್ರ ಅವು ಅಲ್ಲಿರುತ್ತವೆ.